ಒಂದಕ್ಷರದ ಬೋರ್ಡಿಂಗ್ ಪಾಸ್

ವಿಮಾನವಿರುವ ದಿನ ಕನಕಲಕ್ಕ ಬೆಳಗಿನ ಐದೂವರೆಗೆಲ್ಲ ಅಂಗಡಿ ಬಾಗಿಲು ತೆಗೆದು, ಕಸ ಗುಡಿಸುವುದಕ್ಕೂ ಮೊದಲು ಫೋನ್ ಹಿಡಿದು ಕೂರುತ್ತಾರೆ. ಅವತ್ತು ಹೊರಡುವವರು ಎಷ್ಟು ಜನರೋ ಅಷ್ಟೂ ಜನರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಒಂದೇ ಮಾತು ಕೇಳುತ್ತಾರೆ. "ಎದ್ರಾ? ಎಲ್ಲಿ, ನಿಮ್ಮ ಹೆಸರು ಹೇಳಿ ನೋಡೋಣ." ಆ ಕಡೆಯವರು ನಿದ್ದೆಗಣ್ಣಲ್ಲಿ ಹೆಸರು ಹೇಳುತ್ತಾರೆ. ಪೂರ್ತಿ ಹೇಳಿದರೆ ಅಕ್ಕ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದಿನವರಿಗೆ ಹೋಗುತ್ತಾರೆ. ಹೆಸರಿನ ಕೊನೆಗೆ ಬಂದು ಯಾರಾದರೂ ತಡವರಿಸಿದರೆ ಮಾತ್ರ, "ಗಾಬರಿ ಬೇಡ, ಕಾರ್ಡ್ ತೆಗೆದು ಏನಿದೆ ಅಂತ ಓದಿ" ಅನ್ನುತ್ತಾರೆ.

ನಮ್ಮೂರಿನಲ್ಲಿ ಹೆಸರಿನ ಅಕ್ಷರಗಳು ಉದುರುತ್ತವೆ. ಇಷ್ಟೇ ವರ್ಷಕ್ಕೆ ಅಂತಿಲ್ಲ. ಕೆಲವರಿಗೆ ಹದಿನೈದು ವರ್ಷಕ್ಕೊಂದು, ಕೆಲವರಿಗೆ ಇಪ್ಪತ್ತಕ್ಕೊಂದು. ರಾತ್ರಿ ಮಲಗಿದವರು ಬೆಳಿಗ್ಗೆ ಏಳುವಷ್ಟರಲ್ಲಿ ಕೊನೆಯ ಅಕ್ಷರ ಹೋಗಿರುತ್ತದೆ. ಮನೆಯ ಗೋಡೆಯ ಫಲಕದಲ್ಲಿ, ರೇಷನ್ ಕಾರ್ಡಿನಲ್ಲಿ, ಮದುವೆ ಕಾಗದದಲ್ಲಿ ಎಲ್ಲೆಲ್ಲೂ ಆ ಜಾಗ ಖಾಲಿ. ಉದುರಿದ ಅಕ್ಷರ ಸೇರಿಸಿ ಕೂಗಿದರೆ ಅವರು ತಿರುಗಿ ನೋಡುವುದಿಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅದಕ್ಕೇ ನಮ್ಮಲ್ಲಿ ಮಕ್ಕಳಿಗೆ ಆದಷ್ಟು ಉದ್ದದ ಹೆಸರಿಡುವುದು. ನನಗೆ ಇಟ್ಟಿದ್ದು ಮರುಳಸಿದ್ಧ ಅಂತ. ನಲವತ್ತೊಂದಕ್ಕೆಲ್ಲ ಎರಡು ಉದುರಿ ಬರೀ ಮರುಳನಾಗಿದ್ದೇನೆ. ಟೆಂಪೊ ಓಡಿಸುವವನಿಗೆ ಅಷ್ಟು ಸಾಕು. ಊರು ಬಿಟ್ಟು ಹೋದವರ ಹೆಸರು ಮಾತ್ರ ಬಿಟ್ಟಲ್ಲಿಗೇ ನಿಲ್ಲುತ್ತದೆ.

ಇದರಿಂದ ಯಾರಿಗೂ ಅಂಥ ತೊಂದರೆ ಏನೂ ಇರಲಿಲ್ಲ, ವಿಮಾನ ಬರುವವರೆಗೆ. ಗುಡ್ಡದಾಚೆ ವಿಮಾನ ನಿಲ್ದಾಣವಾಗಿ, ವಾರಕ್ಕೆ ಮೂರು ದಿನ ಒಂದು ಅಗ್ಗದ ಕಂಪನಿಯ ವಿಮಾನ ಬಂದು ಹೋಗತೊಡಗಿತು. ಟಿಕೆಟ್ ಅಗ್ಗ, ನಿಯಮ ದುಬಾರಿ. ಅಗ್ಗಕ್ಕೆ ಸಿಗಬೇಕೆಂದರೆ ಎರಡು ತಿಂಗಳು ಮೊದಲೇ ಟಿಕೆಟ್ ಮಾಡಿಸಬೇಕು. ಟಿಕೆಟ್ಟಿನ ಹೆಸರೂ ಗುರುತಿನ ಕಾರ್ಡಿನ ಹೆಸರೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ಚೆಕ್‌ಇನ್ ಮನೆಯಲ್ಲೇ ಮಾಡಿ, ಬೋರ್ಡಿಂಗ್ ಪಾಸ್ ಪ್ರಿಂಟ್ ತೆಗೆದುಕೊಂಡು ಹೋಗಬೇಕು. ಅಲ್ಲಿ ಹೋಗಿ ಕೇಳಿದರೆ ದಂಡ. ಹೊರಡುವ ಎರಡು ದಿನ ಮೊದಲು ಶುರುವಾಗುವ ಚೆಕ್‌ಇನ್ ಒಂದು ಗಂಟೆ ಮೊದಲು ಮುಚ್ಚಿಕೊಳ್ಳುತ್ತದೆ. ಹೆಸರು ತಿದ್ದಲು ಒಂದು ಸಲ ಅವಕಾಶ, ಅದೂ ಇಂಗ್ಲಿಷಿನ ಮೂರು ಅಕ್ಷರದವರೆಗೆ, ಅದೂ ಚೆಕ್‌ಇನ್‌ಗೆ ಮೊದಲು. ಚೆಕ್‌ಇನ್ ಆದಮೇಲೆ ದೇವರು ಬಂದರೂ ತಿದ್ದಲಾಗದು. ದೂರದ ಕಂಪ್ಯೂಟರಿನಲ್ಲಿ ಕುಳಿತ ಹೆಸರಿಗೆ ನಮ್ಮೂರಿನ ಗಾಳಿ ತಾಗುವುದಿಲ್ಲವಲ್ಲ, ಅಲ್ಲಿ ಅದು ಹಾಗೇ ಉಳಿದಿರುತ್ತದೆ, ಇಲ್ಲಿ ಕಾರ್ಡಿನಲ್ಲಿ ಉದುರಿಹೋಗಿರುತ್ತದೆ. ಎಷ್ಟೋ ಜನ ಗೇಟಿನವರೆಗೂ ಹೋಗಿ ಮುಖ ಸಣ್ಣದು ಮಾಡಿಕೊಂಡು ವಾಪಸ್ಸು ಬಂದಿದ್ದಾರೆ. ಅವರನ್ನೆಲ್ಲ ಕರೆತಂದವನು ನಾನೇ.

ಮೊದಲ ವರ್ಷ ಹಾಗೆ ವಾಪಸ್ಸಾದವರಲ್ಲಿ ಕನಕಲಕ್ಕನೂ ಒಬ್ಬರು. ಆಗ ಅವರಿಗೆ ಇಪ್ಪತ್ತಾರು ವರ್ಷ. ದೊಡ್ಡ ಊರಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಕೆಲಸಕ್ಕೆ ಸಂದರ್ಶನವಿತ್ತು. ಟಿಕೆಟ್ಟಿನಲ್ಲಿ ಹೆಸರು ಕನಕಲತೆ. ಅವತ್ತು ಬೆಳಿಗ್ಗೆ ಕಾರ್ಡಿನಲ್ಲಿ ಕನಕಲ. ಗೇಟಿನಲ್ಲಿ ಒಂದೂವರೆ ಗಂಟೆ ನಿಂತರಂತೆ, ವಿಮಾನ ತಲೆಯ ಮೇಲೆ ಹಾರಿಹೋಗುವವರೆಗೆ. ಮನೆಗೆ ಬಂದು ಅತ್ತಿದ್ದನ್ನು ಯಾರೂ ಕಂಡಿಲ್ಲ. ಕಂಡಿದ್ದೇನೆಂದರೆ, ಆ ಕಂಪನಿಯ ನಿಯಮಾವಳಿ, ಒಟ್ಟು ನಲವತ್ತೊಂದು ಪುಟ, ಅಷ್ಟನ್ನೂ ಪ್ರಿಂಟ್ ತೆಗೆಸಿ ಹಿಡಿದು ಕೂತಿದ್ದು. ತಿಂಗಳೊಪ್ಪತ್ತಿನಲ್ಲಿ ಅವರ ತಂದೆಯ ಹೊಲಿಗೆ ಅಂಗಡಿಯ ಅರ್ಧ ಭಾಗದಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ತೊಲೆಗೆ ನೇತುಹಾಕಿದ ಒಂದು ಕೊಕ್ಕೆ ತಕ್ಕಡಿ ಬಂದವು. ಅಲ್ಲಿಂದೀಚೆಗೆ ಆ ಅಂಗಡಿಯಿಂದ ಹೊರಟವರು ಒಬ್ಬರೂ ಗೇಟಿನಿಂದ ಹಿಂದಿರುಗಿಲ್ಲ. ಬೇರೆಯವರೆಲ್ಲ ಎರಡು ದಿನ ಮೊದಲೇ ಚೆಕ್‌ಇನ್ ಮಾಡಿ ನಿಶ್ಚಿಂತೆಯಿಂದ ಇರುತ್ತಿದ್ದರು, ಅಕ್ಕ ಮಾತ್ರ ಕೊನೆಯ ಬೆಳಗಿನವರೆಗೆ ಬಟನ್ ಒತ್ತುತ್ತಿರಲಿಲ್ಲ. ಹೆಸರು ಅವತ್ತೂ ಪೂರ್ತಿಯಾಗಿ ಎದ್ದಿದೆ ಅಂತ ಕಿವಿಯಾರೆ ಕೇಳಿಸಿಕೊಂಡ ಮೇಲೇ ಒತ್ತುವುದು. ಆದರೆ ಆ ಒಂದು ದಿನದ ನಂತರ ಅಕ್ಕ ತಾವಾಗಿ ವಿಮಾನ ನಿಲ್ದಾಣದ ಕಡೆಗೆ ಕಾಲಿಟ್ಟಿರಲಿಲ್ಲ. ಜನರನ್ನು ನನ್ನ ಟೆಂಪೊ ಹತ್ತಿಸಿ, ಬಾಗಿಲು ಹಾಕಿ, "ಹುಷಾರು ಮರುಳಣ್ಣ" ಅಂದು ಒಳಗೆ ಹೋಗುತ್ತಿದ್ದರು.

ಈಗ ಓಬಜ್ಜಿಯ ವಿಷಯಕ್ಕೆ ಬರುತ್ತೇನೆ. ಬುಟ್ಟಿ ಹೆಣೆಯುವ ಓಣಿಯ ಕೊನೆಮನೆಯ ಮುದುಕಿ. ಎಂಬತ್ತರ ಹತ್ತಿರ ವಯಸ್ಸು, ನೆಟ್ಟಗೆ ನಡೆಯುವ ದೇಹ. ಗಂಡ ತೀರಿಹೋಗಿ ಮೂವತ್ತು ವರ್ಷವಾಗಿತ್ತು. ಅಜ್ಜಿಗೆ ಮಕ್ಕಳಿರಲಿಲ್ಲ ಅಂತ ಆತ ಚೆನ್ನಾಜಮ್ಮನನ್ನು ಎರಡನೆಯದಾಗಿ ತಂದಿದ್ದ, ಅವಳಿಗೆ ಪಾಲಾಕ್ಷ ಅಂತ ಒಬ್ಬ ಮಗ. ಗಂಡ ಸತ್ತ ವರ್ಷ ಸವತಿಯರಿಬ್ಬರಿಗೂ ಏನೋ ಮಾತು ಬಂದು, ಚೆನ್ನಾಜಮ್ಮ ಏಳು ವರ್ಷದ ಮಗನ ಕೈ ಹಿಡಿದುಕೊಂಡು ಊರು ಬಿಟ್ಟವಳು ಮತ್ತೆ ಬಂದಿರಲಿಲ್ಲ. ಒಂದು ಕಾಗದವೂ ಇಲ್ಲ. ಹಾಗಿರುವಾಗ ಒಂದು ದಿನ ಅಜ್ಜಿಗೆ ಅಂಚೆ ಬಂತು. ಪಾಲಾಕ್ಷನಿಗೆ ಮಗಳು ಹುಟ್ಟಿದ್ದಾಳೆ, ನಾಮಕರಣ ಇಂಥ ದಿನ ಮಧ್ಯಾಹ್ನ ಒಂದು ಗಂಟೆಗೆ, ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಹಿರಿಯಳು ನೀನು, ಬಂದರೆ ಬಾ. ಅಷ್ಟೇ. ಬರೆದಿದ್ದು ಚೆನ್ನಾಜಮ್ಮ.

ಅಜ್ಜಿ ಆ ಕಾಗದವನ್ನು ನಾಲ್ಕು ಜನರಿಂದ ಓದಿಸಿ ಕೇಳಿ, ಅಕ್ಕನ ಅಂಗಡಿಗೆ ಬಂದಳು. "ರೈಲಿಗೆ ಎರಡು ದಿನ ಆಗ್ತದಂತೆ, ನನ್ನ ಸೊಂಟ ತಡಿಯಲ್ಲ. ವಿಮಾನದಾಗೆ ಕಳಿಸವ್ವ" ಅಂದಳು. ಅಕ್ಕ ಕಾರ್ಡ್ ಇಸಿದುಕೊಂಡರು. ಅದರಲ್ಲಿದ್ದಿದ್ದು ಎರಡೇ ಅಕ್ಷರ, ಓಬ. ಕಂಪನಿಯವರಿಗೆ ಮೊದಲ ಹೆಸರು, ಕೊನೆಯ ಹೆಸರು ಎರಡೂ ಬೇಕು. ಒಂದೇ ಹೆಸರಿನವರು ಅದನ್ನೇ ಎರಡು ಕಡೆ ತುಂಬಬೇಕು ಅನ್ನುವುದು ಹದಿನೇಳನೇ ಪುಟ. ಹಾಗಾಗಿ ಟಿಕೆಟ್ ಓಬ ಓಬ ಅಂತ ಆಯಿತು. ಅಜ್ಜಿಗೆ ಭಾರಿ ನಗು. "ಮುಪ್ಪಿನಾಗೆ ನನ್ನ ಹೆಸರು ಇಮ್ಮಡಿ ಮಾಡಿಬಿಟ್ಟೆಯಲ್ಲೇ" ಅಂದಳು. ಕೂಸಿಗೆ ಏನು ಹೆಸರು ಯೋಚಿಸಿದ್ದೀರಿ ಅಂದರೆ ಬಾಯಿ ಬಿಡಲಿಲ್ಲ. ಮೊದಲು ಕೂಸಿನ ಕಿವಿಗೆ, ಆಮೇಲೆ ಊರಿಗೆ ಅಂದಳು.

ಆ ದಿನ ಬಂತು. ವಿಮಾನ ಒಂಬತ್ತು ನಲವತ್ತಕ್ಕೆ. ನಾನು ಆರು ಗಂಟೆಗೆ ಟೆಂಪೊ ತಂದು ಅಂಗಡಿ ಮುಂದೆ ನಿಲ್ಲಿಸಿದಾಗ ಅಜ್ಜಿ ಆಗಲೇ ಒಳಗೆ ಸ್ಟೂಲಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಕಾರ್ಡ್. ಅಕ್ಕ ಅವಳ ಎದುರು ಮಂಡಿಯೂರಿ ಕುಳಿತು ಕೇಳುತ್ತಿದ್ದರು.

"ಇನ್ನೊಂದ್ಸಲ ಹೇಳಿ ಅಜ್ಜಿ."

"ಓ."

"ಮುಂದೆ?"

"ಮುಂದೆ ಏನೂ ಇಲ್ಲ ಕಣವ್ವ. ಹುಡುಕಿದೆ. ಇಲ್ಲ."

ಕಾರ್ಡಿನಲ್ಲೂ ಅಷ್ಟೇ. ಕನ್ನಡದಲ್ಲಿ ಓ. ಕೆಳಗೆ ಇಂಗ್ಲಿಷಿನಲ್ಲಿ ಸೊನ್ನೆಯ ಹಾಗೆ ದುಂಡಗೆ ಒಂದೇ ಒಂದು ಅಕ್ಷರ. ಅಜ್ಜಿ ಅಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. "ಬಿಡು, ನನಗಿದು ಪ್ರಾಪ್ತಿ ಇಲ್ಲ. ಇನ್ನೊಮ್ಮೆ ಯಾವಾಗಾದ್ರೂ ಹೋದರಾಯ್ತು" ಅಂದಳು. ಇನ್ನೊಮ್ಮೆ ಅನ್ನುವುದೇ ಇಲ್ಲ ಅಂತ ನಮ್ಮ ಮೂವರಿಗೂ ಗೊತ್ತಿತ್ತು. ಉಳಿದಿದ್ದು ಒಂದಕ್ಷರ. ಅದೂ ಬಿದ್ದವರು ನಮ್ಮೂರಲ್ಲಿ ಮೂರು ಜನ ಇದ್ದಾರೆ, ಚಪ್ಪಾಳೆ ತಟ್ಟಿ ಕರೆಯುತ್ತೇವೆ, ಉಂಡುಟ್ಟು ಚೆನ್ನಾಗಿಯೇ ಇದ್ದಾರೆ. ಆದರೆ ಹೆಸರೇ ಇಲ್ಲದವರನ್ನು ಕೂರಿಸಿಕೊಳ್ಳುವ ವಿಮಾನ ಯಾವುದಿದೆ?

ಅಕ್ಕ ಎದ್ದು ಕಂಪ್ಯೂಟರಿನ ಮುಂದೆ ಕುಳಿತರು. ಚೆಕ್‌ಇನ್ ಮಾಡಿರಲಿಲ್ಲ, ತಿದ್ದುವ ಅವಕಾಶ ಇನ್ನೂ ಇತ್ತು. ಓಬ ಅಳಿಸಿ ಓ ಅಂತ ಹಾಕಿದರು. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ಹೆಸರು ಎರಡು ಅಕ್ಷರಕ್ಕಿಂತ ಕಡಿಮೆ ಇರಬಾರದು. ಕಂಪನಿಗೆ ಫೋನ್ ಮಾಡಿದರು. ಒಂದು ಒತ್ತಿ, ನಾಲ್ಕು ಒತ್ತಿ, ಹಾಡು ಕೇಳಿ, ಮತ್ತೆ ಒಂದು ಒತ್ತಿ. ಇಪ್ಪತ್ತು ನಿಮಿಷ ಕಳೆದು ಸಿಕ್ಕ ಹುಡುಗಿ ಒಂದಕ್ಷರದ ಹೆಸರು ಇರಲಿಕ್ಕೆ ಸಾಧ್ಯವಿಲ್ಲ ಮೇಡಂ ಅಂದು ಇಟ್ಟುಬಿಟ್ಟಳು. ನಾನು ಗಡಿಯಾರ ನೋಡಿದೆ. ಅಕ್ಕ ಮಾತ್ರ ನಿಧಾನಕ್ಕೆ ಕನ್ನಡಕ ಒರೆಸಿಕೊಂಡು, ನಿಯಮಾವಳಿಯನ್ನು ಹೊಸದಾಗಿ ಇಳಿಸಿಕೊಂಡು ಪ್ರಿಂಟಿಗೆ ಕೊಟ್ಟರು. "ಹಳೇದು ಬಾಯಿಪಾಠ ಇದೆಯಲ್ಲ ಅಕ್ಕ" ಅಂದೆ. "ತಿಂಗಳಿಗೊಂದ್ಸಲ ಬದಲಾಯಿಸ್ತಾರೆ ಮರುಳಣ್ಣ. ಇವತ್ತಿನ ತಾರೀಖು ಇರೋದೇ ಬೇಕು" ಅಂದರು.

ಇಪ್ಪತ್ತಮೂರನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅದಿತ್ತು. ಗುರುತಿನ ಕಾರ್ಡಿನಲ್ಲಿ ಒಂದೇ ಅಕ್ಷರದ ಹೆಸರಿರುವ ಪ್ರಯಾಣಿಕರು, ಆ ಅಕ್ಷರಕ್ಕೆ ಶ್ರೀ, ಶ್ರೀಮತಿಗೆ ಇಂಗ್ಲಿಷಿನಲ್ಲಿ ಬರುವ ಎಂಆರ್, ಎಂಆರ್‌ಎಸ್ ಅಕ್ಷರಗಳನ್ನು ಎಡೆಬಿಡದೆ ಜೋಡಿಸಿ ಬರೆಯತಕ್ಕದ್ದು. ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. ಓ ಹಾಗೇ ಇರಲಿ. ಬಿ ಹೋಗಿ ಎಂ. ಎ ಹೋಗಿ ಆರ್. ಕೊನೆಗೆ ಒಂದು ಎಸ್. ಖಾನೆಯೊಂದಕ್ಕೆ ತಿದ್ದುವ ಮಿತಿ ಮೂರು, ತಿದ್ದಿದ್ದೂ ಮೂರು. ಎರಡು ಖಾನೆಯಲ್ಲೂ ತುಂಬಿ ಒತ್ತಿದರು. ಕಂಪ್ಯೂಟರು ಸ್ವಲ್ಪ ಹೊತ್ತು ಯೋಚನೆ ಮಾಡಿ ಒಪ್ಪಿಕೊಂಡಿತು. ಚೆಕ್‌ಇನ್ ಆಯಿತು. ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂದ ಪಾಸನ್ನು ಅಕ್ಕ ಎರಡು ಮಡಿಕೆ ಮಾಡಿ ಅಜ್ಜಿಯ ಕೈಗೆ ಕೊಟ್ಟರು. ಅಂಥ ಹೊತ್ತಿನಲ್ಲಿ ಅವರ ಮುಖ ನೋಡಬೇಕು. ಗಣಿತದ ಲೆಕ್ಕ ಬಿಡಿಸಿ ಬೋರ್ಡ್ ಒರೆಸುವ ಟೀಚರ್ ಹಾಗಿರುತ್ತದೆ, ಹಿಗ್ಗೂ ಇಲ್ಲ, ಜಂಬವೂ ಇಲ್ಲ.

ಗಂಟನ್ನು ಕೊಕ್ಕೆಗೆ ಹಾಕಿ ತೂಗಿದರು. ಏಳು ಕೆಜಿ ದಾಟಬಾರದು, ಎಂಟೂಕಾಲು ತೋರಿಸಿತು. ಒಳಗೆ ಬಾಣಂತಿಗೆ ಅಂಟಿನುಂಡೆ, ಹುರಿಹಿಟ್ಟು, ಕೂಸಿಗೆಂದು ಅಜ್ಜಿ ಎರಡು ತಿಂಗಳು ಕೂತು ಹೊಲಿದ ಕೌದಿ. ಒಂದನ್ನೂ ಬಿಡಲು ಅಜ್ಜಿ ಒಪ್ಪಲಿಲ್ಲ. ಅಕ್ಕ ಕೌದಿಯನ್ನು ಹೊರಗೆಳೆದು, ಬಿಚ್ಚಿ, ಅಜ್ಜಿಯ ಹೆಗಲಿಗೆ ಸುತ್ತಿ ಪಿನ್ನು ಹಾಕಿದರು. "ಮೈಮೇಲೆ ಹೊದ್ದಿದ್ದನ್ನ ತೂಗಲ್ಲ. ಒಂಬತ್ತನೇ ಪುಟ. ಸೆಖೆ ಆದ್ರೂ ಒಳಗೆ ಕೂರೋ ತನಕ ತೆಗೀಬೇಡಿ." ಆಮೇಲೆ ಅಂಗಡಿಯ ಬಾಗಿಲೆಳೆದು ಬೀಗ ಹಾಕಿ, ಇಪ್ಪತ್ತಮೂರನೇ ಪುಟವನ್ನು ಕೈಯಲ್ಲಿ ಹಿಡಿದುಕೊಂಡು, ನನ್ನ ಪಕ್ಕದ ಸೀಟಿಗೆ ಹತ್ತಿದರು. ನಾನು ಟೆಂಪೊ ಹೊರಡಿಸಿದೆ. ಗುಡ್ಡದ ತಿರುವುಗಳಲ್ಲಿ ಅಕ್ಕ ಆ ಪುಟವನ್ನು ಮತ್ತೆ ಮತ್ತೆ ಓದಿದರು. ಹಿಂದಿನ ಸೀಟಿನಲ್ಲಿ ಅಜ್ಜಿ ಕೌದಿಯೊಳಗೆ ಬೆವರುತ್ತ ಕೂತಿದ್ದಳು.

ಗೇಟಿನಲ್ಲಿ ಕಾವಲಿನವನು ಹೊರಗಿನವನು, ಹೊಸಬ. ಪಾಸ್ ನೋಡಿದ, ಕಾರ್ಡ್ ನೋಡಿದ, ಅಜ್ಜಿಯನ್ನು ನೋಡಿದ.

"ಹೆಸರೇನು?"

"ಓ" ಅಂದಳು ಅಜ್ಜಿ.

"ನಾನು ಕರೀಲಿಲ್ಲ ಅಜ್ಜಿ, ಹೆಸರು ಕೇಳಿದೆ."

"ಓ."

"ಕೇಳಿಸ್ತು ಅಂತ ಗೊತ್ತಾಯ್ತು. ಹೆಸರು ಹೇಳಿ."

ಹಿಂದಿನ ಸಾಲಿನವರು ನಕ್ಕರು. ಅಜ್ಜಿ ಪಾಪ ಗಾಬರಿಯಾಗಿ ಅದನ್ನೇ ಇನ್ನಷ್ಟು ಜೋರಾಗಿ ಅಂದಳು. ಅಕ್ಕ ಅಷ್ಟು ಹೊತ್ತು ಟೆಂಪೊದ ಪಕ್ಕದಲ್ಲೇ ನಿಂತಿದ್ದರು. ಆ ಗಾಜಿನ ಬಾಗಿಲನ್ನೇ ನೋಡುತ್ತಿದ್ದರು. ನಾನು ಹೋಗಲಾ ಅಂತ ಕೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರೇ ಹೊರಟರು. ಸಾಲನ್ನು ದಾಟಿ ಹೋಗಿ, ಕಾವಲಿನವನಿಗೆ ನಮಸ್ಕಾರ ಮಾಡಿ, "ಇವರ ಹೆಸರೇ ಅದು ಸರ್. ಪಾಸಿನಲ್ಲಿ ಹೀಗೆ ಯಾಕೆ ಬಂದಿದೆ ಅಂತ ಈ ಕಾಗದದಲ್ಲಿದೆ. ನಿಮ್ಮ ಕೈಲಿ ಆಗದಿದ್ದರೆ ಕಂಪನಿಯವರನ್ನ ಕರೀರಿ, ನಾವು ಕಾಯ್ತೀವಿ" ಅಂದರು. ದನಿ ಎತ್ತರಿಸಲಿಲ್ಲ. ಆದರೆ ಆ ಜಾಗದಿಂದ ಕದಲುವವರಲ್ಲ ಅಂತ ಅವನಿಗೂ ಅರ್ಥವಾಯಿತು.

ಕಂಪನಿಯ ಮೇಲ್ವಿಚಾರಕಿ ಬಂದರು. ಎದೆಯ ಪಟ್ಟಿಯಲ್ಲಿ ಸುಚರಿತಾ ಅಂತ ಹೆಸರು. ಕಾಗದ ಓದಿ ಹುಬ್ಬು ಗಂಟಿಕ್ಕಿದರು. "ಇದು ಹಳೇ ನಿಯಮಾವಳಿ ಇರಬೇಕು."

"ಅಡಿಯಲ್ಲಿ ತಾರೀಖು ನೋಡಿ ಮೇಡಂ. ಇವತ್ತು ಬೆಳಿಗ್ಗೆ ಏಳು ಗಂಟೆ ಎರಡು ನಿಮಿಷ."

ಸುಚರಿತಾ ತಾರೀಖು ನೋಡಿದರು. ಮತ್ತೆ ಆ ಸಾಲು ಓದಿದರು. "ನಾನು ಆರು ವರ್ಷದಿಂದ ಇಲ್ಲಿದ್ದೀನಿ, ಇದನ್ನ ಓದೇ ಇರಲಿಲ್ಲ" ಅಂತ ಮೆಲ್ಲಗೆ ಅಂದರು. ಆಮೇಲೆ, "ಆದರೆ ಇವರ ಹೆಸರು ನಿಜವಾಗಿ ಒಂದೇ ಅಕ್ಷರ ಅಂತ ನನಗೆ ಹೇಗೆ ಗೊತ್ತಾಗಬೇಕು? ಕಾರ್ಡ್ ಅಳಿಸಿಹೋಗಿರಬಹುದಲ್ಲ. ಟಿಕೆಟ್ ಮಾಡಿಸಿದಾಗ ಓಬ ಅಂತ ಇತ್ತು."

"ಕರೆದು ನೋಡಿ" ಅಂದರು ಅಕ್ಕ.

ಅಜ್ಜಿ ಆಗ ನಮಗೆ ಬೆನ್ನು ಮಾಡಿ ರನ್‌ವೇ ಕಡೆ ನೋಡುತ್ತ ನಿಂತಿದ್ದಳು. ಸುಚರಿತಾ ಎರಡು ಹೆಜ್ಜೆ ಹತ್ತಿರ ಹೋಗಿ "ಓಬ ಅವರೇ" ಅಂದರು. ಅಜ್ಜಿ ಅಲುಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕರೆದರು. ಅಜ್ಜಿ ಕೌದಿಯ ಅಂಚು ಸರಿಮಾಡಿಕೊಂಡಳು, ಅಷ್ಟೇ. ಸುಚರಿತಾ ಈ ಸಲ, ಮಲಗಿದ ಮಗುವನ್ನು ಎಬ್ಬಿಸುವವರ ಹಾಗೆ ಬಹಳ ಮೆತ್ತಗೆ "ಓ" ಅಂದರು. ಅಜ್ಜಿ ತಟ್ಟನೆ ತಿರುಗಿ, "ಏನವ್ವ, ಕರೆದೆಯಾ?" ಅಂದಳು.

ಸುಚರಿತಾ ಪಾಸಿನ ಹಿಂದೆ ಸಹಿ ಹಾಕಿ, ಒಳಗಿನಿಂದ ಮೊಹರು ತರಿಸಿ ಒತ್ತಿದರು. ಎಲ್ಲ ಮುಗಿಯಿತು ಅಂತ ನಾನು ನಿಟ್ಟುಸಿರು ಬಿಟ್ಟರೆ, ಅಕ್ಕ ಇಪ್ಪತ್ತಮೂರನೇ ಪುಟವನ್ನು ಮುಂದೆ ಹಿಡಿದರು. "ಇದರ ಮೇಲೂ ಒಂದು ಸಹಿ, ಒಂದು ಮೊಹರು ಹಾಕಿಕೊಡಿ ಮೇಡಂ. ನಾಲ್ಕನೇ ದಿನ ಇವರು ವಾಪಸ್ಸು ಬರಬೇಕು. ಆ ಕಡೆ ಗೇಟಿನಲ್ಲಿ ನಾನಿರೋದಿಲ್ಲ." ಸುಚರಿತಾ ನಗುತ್ತ ಹಾಕಿಕೊಟ್ಟು, ಅಜ್ಜಿಯ ಗಂಟನ್ನು ತಾವೇ ಎತ್ತಿಕೊಂಡು ಒಳಗೆ ಕರೆದುಕೊಂಡು ಹೋದರು. ಗಾಜಿನಾಚೆ ಅಜ್ಜಿ ಎರಡು ಸಲ ತಿರುಗಿ ನೋಡಿ ಕೈ ಎತ್ತಿದಳು.

ಅಕ್ಕ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತರು. ನಾನು ಟೀ ತಂದುಕೊಟ್ಟೆ. ವಿಮಾನ ತಲೆಯ ಮೇಲೆ ಹಾರಿಹೋಗುವಾಗ ಮುಖವೆತ್ತಿ, ಮೋಡದಲ್ಲಿ ಮರೆಯಾಗುವವರೆಗೂ ನೋಡಿದರು. "ಅವತ್ತು ಇದನ್ನ ನೋಡೋಕೆ ಆಗಿರಲಿಲ್ಲ ಮರುಳಣ್ಣ. ತಲೆ ತಗ್ಗಿಸಿಕೊಂಡಿದ್ದೆ" ಅಂದರು. ಆ ವಿಷಯವಾಗಿ ನನ್ನ ಹತ್ತಿರ ಅವರು ಆಡಿದ್ದು ಅದೊಂದೇ ಮಾತು.

ನಾಲ್ಕನೇ ದಿನ ನಾನು ಅಜ್ಜಿಯನ್ನು ಕರೆತರಲು ಹೋದರೆ ಹೊರಗೆ ಬಂದಿದ್ದು ಇಬ್ಬರು ಮುದುಕಿಯರು, ಒಬ್ಬರ ರೆಟ್ಟೆ ಒಬ್ಬರು ಹಿಡಿದುಕೊಂಡು. ಚೆನ್ನಾಜಮ್ಮನೂ ಜೊತೆಗೆ ಬಂದಿದ್ದಳು, ಹದಿನೈದು ದಿನ ಇದ್ದು ಹೋಗುತ್ತೇನೆ ಅಂತ. ದಾರಿಯುದ್ದಕ್ಕೂ ಅವಳದೇ ಮಾತು. "ಇವಳು ಬಾಗಿಲಿಗೆ ಬಂದು ನಿಂತಳಪ್ಪ. ನಾನು ಒಳಗಿನಿಂದ ಇವಳ ಹಳೇ ಹೆಸರು ಪೂರ್ತಿ ಹಿಡಿದು ಕರೆದೆ. ನನ್ನ ಬಾಯಾಗೆ ಅದು ಹಂಗೇ ಇತ್ತಲ್ಲ. ಇವಳು ತಿರುಗಿ ನೋಡಲಿಲ್ಲ. ಮೂವತ್ತು ವರ್ಷ ಆದ್ರೂ ಸಿಟ್ಟು ಇಳಿದಿಲ್ಲ ಇವಳಿಗೆ ಅಂತ ನಾನು ಅಡಿಗೆಮನೆಗೆ ಹೋಗಿ ಅತ್ತೆ."

"ನನಗೇನು ಗೊತ್ತು, ಯಾರನ್ನೋ ಕರೀತಿದಾಳೆ ಅಂತ ನಾನು" ಅಂದಳು ಅಜ್ಜಿ.

"ಆಮೇಲೆ ನಮ್ಮ ಪಾಲಾಕ್ಷ ಹೊರಗಿಂದ ಬಂದ. ಇವಳನ್ನ ನೋಡಿದ. ಅವ್ವಾ ಅಂದ. ಆಗ ತಿರುಗಿದಳು ನೋಡು." ಚೆನ್ನಾಜಮ್ಮ ಕಿಟಕಿಯಾಚೆ ನೋಡುತ್ತ ಹೇಳಿದಳು. "ಹೆತ್ತ ನಾನು ಚಿಕ್ಕವ್ವ, ಇವಳು ಅವ್ವ. ಆ ಒಂದು ಮಾತಿಗೇ ನಾನು ಊರು ಬಿಟ್ಟಿದ್ದು. ಮೊನ್ನೆ ಕೇಳಿದಾಗ ಅದು ನನಗೆ ಚುಚ್ಚಲೇ ಇಲ್ಲ. ಕರೆದ, ಇವಳು ತಿರುಗಿದಳು, ಸದ್ಯ ಅನ್ನಿಸ್ತು."

ಅಜ್ಜಿ ಸವತಿಯ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಅಂಗಡಿಯ ಮುಂದೆ ಟೆಂಪೊ ನಿಂತಾಗ ಅಕ್ಕ ಯಾರಿಗೋ ಟಿಕೆಟ್ ಮಾಡಿಕೊಡುತ್ತಿದ್ದರು. ಕೆಲಸ ಮುಗಿಸಿ, ಇಬ್ಬರನ್ನೂ ಕೂರಿಸಿ, ನೀರು ಕೊಟ್ಟು, ಮೊದಲು ಕೇಳಿದ್ದು ಇದನ್ನು. "ಆ ಕಡೆ ಗೇಟಿನಲ್ಲಿ ಏನಂದ್ರು?" ಮೊಹರು ನೋಡಿ ಬಿಟ್ಟರು, ಒಬ್ಬ ಮಾತ್ರ ಕಾಗದವನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ ಅಂದಳು ಅಜ್ಜಿ. ಅಕ್ಕ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ಆಮೇಲೆ ಕೂಸಿನ ಹೆಸರು ಕೇಳಿದರು.

"ನವನೀತಕುಸುಮಾವತಿ" ಅಂದಳು ಅಜ್ಜಿ, ಒಂದೊಂದೇ ಅಕ್ಷರ ಹೆಕ್ಕಿ ಇಟ್ಟ ಹಾಗೆ.

"ಅಲ್ಲಿ ಹೆಸರು ಉದುರಲ್ಲ ಅಂತ ಎಷ್ಟು ಬಡಕೊಂಡೆ, ಕೇಳಲಿಲ್ಲ ಇವಳು" ಅಂದಳು ಚೆನ್ನಾಜಮ್ಮ. "ಆ ಕೂಸು ಜನ್ಮ ಪೂರ್ತಿ ಅಷ್ಟುದ್ದ ಹೊತ್ತುಕೊಂಡು ತಿರುಗಬೇಕು."

ಅಕ್ಕ ಆಗಲೇ ಅದನ್ನು ಇಂಗ್ಲಿಷಿನಲ್ಲಿ ಬರೆದು ಪೆನ್ನಿನ ತುದಿಯಿಂದ ಎಣಿಸುತ್ತಿದ್ದರು. "ಹತ್ತೊಂಬತ್ತು ಆಯ್ತು. ಅವರ ಖಾನೆಯಲ್ಲಿ ಹದಿನೆಂಟೇ ಹಿಡಿಯೋದು."

ಅಜ್ಜಿಯ ಮುಖ ಬಾಡಿತು. "ಒಂದು ಕಮ್ಮಿ ಮಾಡಬೇಕಿತ್ತೇನವ್ವ?"

"ನೀವ್ಯಾಕೆ ಕಮ್ಮಿ ಮಾಡ್ತೀರಿ" ಅಂದರು ಅಕ್ಕ. ಕುರ್ಚಿ ತಿರುಗಿಸಿಕೊಂಡು, ಕನ್ನಡಕ ಏರಿಸಿ, ಖಾನೆ ದೊಡ್ಡದು ಮಾಡಿ ಅಂತ ಕಂಪನಿಗೆ ಕಾಗದ ಟೈಪ್ ಮಾಡಲು ಶುರುಮಾಡಿದರು.